ಗುಡ್ಡಕ್ಕೆ ಹೊರಟ ಹುರಿಹಿಟ್ಟು

ನಮ್ಮ ಹಿತ್ತಲಿನ ತಂತಿಯ ಮೇಲೆ ಈಗ ಒಂದು ಪುಟ್ಟ ಬಟ್ಟೆಯ ಚೀಲ ಒಣಗುತ್ತಿದೆ. ಅಪ್ಪನ ಪಟ್ಟಾಪಟ್ಟಿ ಚಡ್ಡಿ ಹೊಲಿಸಿದಾಗ ಮಿಕ್ಕ ತುಂಡಿನಲ್ಲಿ ಅವ್ವ ಕೈಯಲ್ಲೇ ಹೊಲಿದದ್ದು. ಮಿಕ್ಕ ತುಂಡು ಎಂಬುದನ್ನು ದಯವಿಟ್ಟು ಗಮನಿಸಬೇಕು, ಏಕೆಂದರೆ ಅದರಲ್ಲಿ ನಾವು ತಿನ್ನುವ ವಸ್ತು ಕಟ್ಟುತ್ತೇವೆ. ಒಂದು ಮೂಲೆ ಹರಿದಿತ್ತು, ಅದಕ್ಕೆ ಹಸಿರು ದಾರದ ಹೊಲಿಗೆ ಬಿದ್ದಿದೆ. ನಮ್ಮ ಮನೆಯ ಪಡಸಾಲೆಯಲ್ಲಿ ನನ್ನ ಬಿ.ಎ. ಸರ್ಟಿಫಿಕೇಟು ಗಾಜಿನ ಕಟ್ಟಿನೊಳಗೆ ನೇತಾಡುತ್ತಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ಮನುಷ್ಯ ನಾನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇಸರದ ಸಂಗತಿ, ಆದರೆ ಬೇರೆ ಯಾರೂ ಹೇಳುವುದಿಲ್ಲ. ಮೊನ್ನೆಯವರೆಗೂ ಈ ಮನೆಯಲ್ಲಿ ನನ್ನ ವಿದ್ಯೆಗೆ ಸಾಕ್ಷಿ ಆ ಕಟ್ಟು ಎಂದುಕೊಂಡಿದ್ದೆ. ಈಗ ಆ ತಂತಿಯ ಕಡೆ ನೋಡಿದರೆ ಅನುಮಾನ ಬರುತ್ತದೆ.

ಚೀಲದ ಕಥೆ ಆಮೇಲೆ. ಮೊದಲು ಪಟ್ಟಿಯ ಕಥೆ.

ನಾನು ಜಗಳೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಪ್ರವೀಣ ಎಂಬ ಗಣಿತದ ಮೇಷ್ಟ್ರು ಬಂದ. ಮೈಸೂರು ಕಡೆಯವನು. ಒಳ್ಳೆಯ ಮನುಷ್ಯ; ರಜೆಯ ದಿನ ಸುಮ್ಮನೆ ಕೂರಲು ಬಾರದು ಎಂಬುದೊಂದೇ ದೋಷ. ಕಳೆದ ತಿಂಗಳು ಅವನು ಸ್ಟಾಫ್ ರೂಮಿನಲ್ಲಿ ಒಂದು ಪ್ರಸ್ತಾಪ ಇಟ್ಟ. ಬೆನ್ನಿಗೆ ಚೀಲ ಏರಿಸಿಕೊಂಡು ಘಟ್ಟದ ಕಡೆಯ ಒಂದು ಗುಡ್ಡ ಹತ್ತುವುದು, ಮೇಲೆ ಟೆಂಟು ಹಾಕಿ ಮಲಗುವುದು, ಮಾರನೆಯ ದಿನ ಇಳಿಯುವುದು. ಹೆಡ್ಮಾಸ್ಟರು ಮಂಡಿನೋವು ಎಂದು ತಪ್ಪಿಸಿಕೊಂಡರು. ನನಗೆ ಸಮಯಕ್ಕೆ ಸರಿಯಾಗಿ ಯಾವ ನೋವೂ ನೆನಪಾಗಲಿಲ್ಲ. ಹೀಗೆ ಐದು ಜನ ಸಿಕ್ಕಿಬಿದ್ದೆವು. ಊಟದ ಜವಾಬ್ದಾರಿ ನನ್ನ ಪಾಲಿಗೆ ಬಂತು.

"ಸಾರ್, ನೀವು ಹಳ್ಳಿ ಕಡೆಯೋರು. ಕಮ್ಮಿ ಖರ್ಚಲ್ಲಿ ಹೊಟ್ಟೆ ತುಂಬ್ಸೋದು ನಿಮ್ಗೇ ಗೊತ್ತಿರೋದು," ಎಂದ ಪ್ರವೀಣ.

ಇದು ಹೊಗಳಿಕೆಯೋ ಬೇರೆ ಏನೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ನಾನು ಕಲಿತದ್ದು ಅದನ್ನೇ. ಅನುಮಾನ ಬಂದ ಮಾತನ್ನೆಲ್ಲ ಹೊಗಳಿಕೆಯ ಕಡೆಗೆ ಜಮಾ ಮಾಡಿಕೊಂಡರೆ ಆರೋಗ್ಯ ಚೆನ್ನಾಗಿರುತ್ತದೆ. ಅಷ್ಟರಲ್ಲಿ ನನ್ನ ಫೋನಿಗೆ ಅವನ ಪಟ್ಟಿ ಬಂದು ಬಿತ್ತು. ಯಾವುದೋ ವಿಡಿಯೋ ನೋಡಿ ಬರೆದದ್ದು. ಅದನ್ನು ಹಿಡಿದು ಸಂತೆಪೇಟೆಯ ಕರಿಬಸಣ್ಣನ ಕಿರಾಣಿ ಅಂಗಡಿಗೆ ಹೋದೆ. ಕರಿಬಸಣ್ಣ ಸಾಮಾನು ಕಟ್ಟುವ ಮೊದಲು ಗಿರಾಕಿಯ ಉದ್ದೇಶ ತಿಳಿದುಕೊಳ್ಳುವ ಮನುಷ್ಯ.

"ಗುಡ್ಡಕ್ಕಾ? ಯಾವ ದೇವರು ಮೇಷ್ಟ್ರೆ?"

"ದೇವರು ಯಾವುದೂ ಇಲ್ಲ."

"ಹರಕೆ?"

"ಇಲ್ಲಪ್ಪಾ."

"ದನ ಏನಾರ ತಪ್ಪಿಸ್ಕಂಡು ಹೋಗೈತಾ?"

"ನನ್ನ ಹತ್ರ ದನ ಎಲ್ಲೈತೆ ಕರಿಬಸಣ್ಣ? ಸುಮ್ನೆ ಹತ್ತಾಕೆ ಹೋಗ್ತಿದೀವಿ."

"ಹತ್ತಿ?"

"ಇಳೀತೀವಿ."

ಅವನು ತಕ್ಕಡಿಯ ತಟ್ಟೆ ಒರೆಸಿದ. "ಓದಿದೋರು ಬಿಡ್ರಿ," ಎಂದ. "ಓದ್ರಿ, ಅದೇನು ಪಟ್ಟಿ."

ಓದಿದೆ. ಓಟ್ಸ್ ಎಂದೆ. ಅದು ಡಾಕ್ಟರು ಬರೆದುಕೊಟ್ಟವರಿಗೆ ಮಾತ್ರ ಅಲ್ಲವೇ ಎಂದು ಕೇಳಿ, ನನ್ನ ಸಕ್ಕರೆ ಎಷ್ಟಿದೆ ಎಂದು ವಿಚಾರಿಸಿದ. ಎನರ್ಜಿ ಬಾರ್ ಎಂದೆ. ಬಾರ್ ಬಸ್‌ ಸ್ಟ್ಯಾಂಡಿನ ಹಿಂದೆ ಇದೆ ಎಂದ. ಪೀನಟ್ ಬಟರ್ ಎಂದೆ. ಅರ್ಥವಾಗಲಿಲ್ಲ ಎಂದುಕೊಂಡು ಶೇಂಗಾದ ಬೆಣ್ಣೆ ಎಂದು ಬಿಡಿಸಿ ಹೇಳಿದೆ.

"ಶೇಂಗಾ ಯಾವಾಗ ಈದೈತ್ರೀ ಮೇಷ್ಟ್ರೆ, ಬೆಣ್ಣೆ ತೆಗಿಯಾಕೆ?" ಎಂದ. ಅಂಗಡಿಯ ಮುಂದೆ ನಿಂತಿದ್ದ ನಾಲ್ಕು ಜನ ನಕ್ಕರು. ಅವರಲ್ಲಿ ಇಬ್ಬರ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ.

ಕೊನೆಗೆ ಫೋನನ್ನು ಜೇಬಿಗೆ ಹಾಕಿಕೊಂಡು ನನ್ನ ಬುದ್ಧಿಗೆ ತೋಚಿದ್ದನ್ನು ಕಟ್ಟಿಸಿದೆ. ಗಟ್ಟಿ ಅವಲಕ್ಕಿ, ಹುರಿದ ಶೇಂಗಾ, ಹುರಿಗಡಲೆ, ಉಂಡೆ ಬೆಲ್ಲ, ಗುರೆಳ್ಳು ಚಟ್ನಿಪುಡಿ, ನಾಲ್ಕು ನಿಂಬೆಹಣ್ಣು. ಪ್ರವೀಣನ ಮನಸ್ಸಿಗೆ ನೋವಾಗದಿರಲಿ ಎಂದು ಹತ್ತು ಪ್ಯಾಕೆಟ್ ನೂಡಲ್ಸ್. ಖಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ ಎಂಬ ಭಯವಿತ್ತು. ಅದಕ್ಕೆ ಮೇಷ್ಟ್ರ ತಲೆಗೆ ಮಾತ್ರ ಹೊಳೆಯುವ ಉಪಾಯ ಮಾಡಿದೆ: ಪರೀಕ್ಷೆಗೆ ಬರೆಯುವ ಎರಡು ಪ್ಯಾಡಿನ ನಡುವೆ ಇಟ್ಟು ಕ್ಲಿಪ್ಪು ಹಾಕಿದೆ. ಆ ಪ್ಯಾಡುಗಳು ಮಕ್ಕಳಿಗೆ ಎಷ್ಟು ಅಂಕ ತಂದುಕೊಟ್ಟಿವೆಯೋ ಗೊತ್ತಿಲ್ಲ, ರೊಟ್ಟಿಗಳು ಮಾತ್ರ ಎಲ್ಲವೂ ಪಾಸಾದವು.

ಮಂಡಕ್ಕಿಯನ್ನು ಬಿಟ್ಟೆ. ನಮ್ಮ ಕಡೆಯವನೊಬ್ಬ ಮಂಡಕ್ಕಿ ಇಲ್ಲದೆ ಊರು ಬಿಡುವುದು ತಾಳಿ ಇಲ್ಲದೆ ಮದುವೆಗೆ ಹೊರಟ ಹಾಗೆ ಎಂದು ನನಗೂ ಗೊತ್ತು. ಆದರೆ ಅದರ ತೂಕ ಕಂಡು ಮೋಸ ಹೋಗಬಾರದು. ಚಿಕ್ಕಂದಿನಲ್ಲಿ ಒಮ್ಮೆ ನ್ಯಾಮತಿಯಿಂದ ಗೋವಿನಕೋವಿಯ ನಮ್ಮ ಮನೆಗೆ ಒಂದು ದೊಡ್ಡ ಚೀಲ ಮಂಡಕ್ಕಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೊರಟಿದ್ದೆ. ಎದುರು ಗಾಳಿ. ನಾನು ತುಳಿದಷ್ಟೂ ಸೈಕಲ್ಲು ನ್ಯಾಮತಿಯ ಕಡೆಗೇ ಮನಸ್ಸು ಮಾಡುತ್ತಿತ್ತು. ಕೊನೆಗೆ ಮಂಡಕ್ಕಿಯನ್ನು ಸೀಟಿನ ಮೇಲೆ ಕೂರಿಸಿ, ನಾನು ಪಕ್ಕದಲ್ಲಿ ನಡೆದುಕೊಂಡು ಊರು ಸೇರಿದೆ. ಬೆನ್ನ ಮೇಲಿನ ಚೀಲಕ್ಕೆ ಜಾಗ ತಿನ್ನದ, ಬಾಳಿಕೆ ಬರುವ, ಬೇಯಿಸದೆಯೂ ತಿನ್ನಬಹುದಾದ ವಸ್ತು ಬೇಕು. ಇದಕ್ಕೆ ವಿಡಿಯೋ ಬೇಕಾಗಿಲ್ಲ. ಆದರೂ ಇದನ್ನು ಪ್ರವೀಣನಿಗೆ ಹೇಳುವಾಗ 'ಒಂದು ಕಡೆ ಓದಿದ್ದೆ' ಎಂದು ಸೇರಿಸಿಯೇ ಹೇಳಿದೆ.

ಸಾಮಾನು ಹಿಡಿದು ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ಕೂತಿದ್ದಳು. ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಜಗಳೂರು ಅವಳ ತವರಿನ ಕಡೆ. ನನಗೆ ಇಲ್ಲಿಗೆ ವರ್ಗವಾದದ್ದು ತನ್ನ ಪುಣ್ಯದಿಂದ ಎಂದು ಅವಳೂ, ಅರ್ಜಿ ಹಾಕಿದ್ದರಿಂದ ಎಂದು ನಾನೂ ನಂಬಿದ್ದೇವೆ.

"ಗುಡ್ಡಕ್ಕೆ ಹೊಂಟೀಯಂತೆ. ಹುರಿಹಿಟ್ಟು ಮಾಡಿಕೊಡ್ತೀನಿ," ಎಂದಳು.

"ಬೇಡ ಬಿಡವ್ವಾ, ಬೇಕಾದಷ್ಟು ಐತೆ."

"ನಿನಗೆ ಬೇಡ ಅಂದ್ರೆ ಬಿಡು. ಗುಡ್ಡಕ್ಕೆ ಬೇಕಾಗುತ್ತೆ."

ಹುರಿಹಿಟ್ಟು ಎಂದರೆ ರಾಗಿಯನ್ನು ಅರಳು ಹುರಿದು ಬೀಸಿದ ಹಿಟ್ಟು. ಉಪ್ಪು ಹಾಕಿ ಮಜ್ಜಿಗೆಯಲ್ಲಿ ಕಲಸಬಹುದು, ಬೆಲ್ಲ ಹಾಕಿ ನೀರಿನಲ್ಲಿ ಕಲಸಬಹುದು, ಏನೂ ಸಿಗದಿದ್ದರೆ ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡು ದೇವರ ಮೇಲೆ ಭಾರ ಹಾಕಬಹುದು. ಪ್ರಯಾಣಕ್ಕೆ ಕಟ್ಟುವಾಗ ಅವ್ವ ಮೊದಲೇ ಉಪ್ಪು ಬೆರೆಸಿ ಕಟ್ಟುತ್ತಾಳೆ. ಚಿಕ್ಕವರಿದ್ದಾಗ ನನ್ನ ಅಕ್ಕ ನನ್ನ ಬಾಯಿ ತುಂಬ ಒಣಹಿಟ್ಟು ತುಂಬಿ, "ಈಗ ಅಪ್ಪಾ ಅನ್ನು ನೋಡಾನ," ಎನ್ನುತ್ತಿದ್ದಳು. ನಾನು ಹಾಗೆ ಅಂದರೆ ಮುಂದೆ ನಿಂತವರ ಮುಖ ಬೂದಿ ಬಳಿದ ಹಾಗೆ ಆಗುತ್ತಿತ್ತು. ಒಮ್ಮೆ ಮುಂದೆ ನಿಂತವರು ಸ್ವತಃ ಅಪ್ಪನೇ ಆಗಿದ್ದರು. ಆ ಆಟ ಅಂದಿಗೆ ನಿಂತಿತು.

ಈ ಹಿಟ್ಟಿಗೆ ನಮ್ಮ ಮನೆಯಲ್ಲಿ ಒಂದು ಕಾನೂನು ಇದೆ. ಪ್ರಯಾಣಕ್ಕೆ ಕಟ್ಟಿದ ಬುತ್ತಿ ಮನೆಗೆ ವಾಪಸ್ ಬರಬಾರದು. ಬಂದರೆ ಹೋದ ಕೆಲಸ ಆಗುವುದಿಲ್ಲ, ಹೋದ ಮನುಷ್ಯನಿಗೆ ಒಳ್ಳೆಯದಲ್ಲ. ತಿನ್ನಬೇಕು, ಇಲ್ಲವೇ ಯಾರಿಗಾದರೂ ಕೊಡಬೇಕು. ಬುತ್ತಿ ಬರಬಾರದು, ಬುತ್ತಿಯ ಬಟ್ಟೆ ಮಾತ್ರ ತಪ್ಪದೆ ಬರಬೇಕು. ಬಟ್ಟೆಯನ್ನು ಕೊಡವಿ ನೋಡುವುದು ಅವ್ವನ ಕೆಲಸ.

ಈ ಕಾನೂನನ್ನು ನಾನು ಒಮ್ಮೆ ಮುರಿದಿದ್ದೆ. ಡಿಗ್ರಿಯ ಎರಡನೇ ವರ್ಷದಲ್ಲಿ. ಆಗಲೂ ಒಂದು ಗುಡ್ಡ. ಕಾಲೇಜಿನ ಹತ್ತು ಹನ್ನೆರಡು ಜನ ಹೊನ್ನಾಳಿ ಬಸ್‌ ಸ್ಟ್ಯಾಂಡಿನಲ್ಲಿ ಸೇರಿ ಹೊರಡುವುದು ಎಂದಾಗಿತ್ತು. ನಾನು ನಮ್ಮೂರಿನಿಂದ ಬೆಳಗಿನ ಖಾಸಗಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಅವ್ವ ಕಟ್ಟಿದ ಹುರಿಹಿಟ್ಟಿನ ಚೀಲ, ಮೂಲೆಗೆ ಹಸಿರು ದಾರದ ಹೊಲಿಗೆ. ಪಟ್ಟಾಪಟ್ಟಿ ಬಟ್ಟೆ. ದಾರಿಯುದ್ದಕ್ಕೂ ಆ ಪಟ್ಟೆಗಳನ್ನೇ ನೋಡಿದೆ. ಅಲ್ಲಿ ಬರುವವರು ಲೆಕ್ಚರರ ಮಕ್ಕಳು, ಮಂಡಿ ಸಾಹುಕಾರರ ಮಕ್ಕಳು. ಅವರೆಲ್ಲ ಬ್ರೆಡ್ಡು, ಜಾಮು, ಕ್ರೀಮ್ ಬಿಸ್ಕತ್ತು ತೆಗೆಯುವಾಗ ನಾನು ಚಡ್ಡಿ ಬಟ್ಟೆಯಿಂದ ಹಿಟ್ಟು ತೆಗೆಯುವುದೇ? ಹೊನ್ನಾಳಿ ಬಂದಾಗ ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಮರೆತವನಂತೆ ಇಳಿದೆ. ನಂತರ ಬೇಕರಿಯಲ್ಲಿ ಒಂದು ಬ್ರೆಡ್ಡು ಕೊಂಡೆ. ಗುಡ್ಡದ ಅರ್ಧ ಹತ್ತುವಷ್ಟರಲ್ಲಿ ಅದು ಬೆನ್ನಿನ ಬ್ಯಾಗಿನೊಳಗೆ ಜಜ್ಜಿಹೋಗಿ ಚಪಾತಿಯಾಗಿತ್ತು.

ಮೇಲೆ ಎಲ್ಲರೂ ಕೂತೆವು. ಚನ್ನಗಿರಿಯ ಅಡಿಕೆ ಮಂಡಿಯವರ ಮಗ ಶೇಖರ ನನ್ನ ಪಕ್ಕದಲ್ಲಿದ್ದ. ಮೂರು ಅಂತಸ್ತಿನ ಮನೆ, ಮನೆ ಮುಂದೆ ಕಾರು ಇದ್ದವನು. ಸ್ಟೀಲ್ ಡಬ್ಬಿ ಬಿಚ್ಚಿದ. ಒಳಗೆ ಹುರಿಹಿಟ್ಟು! ತುಪ್ಪ, ಬೆಲ್ಲ ಹಾಕಿ ಉಂಡೆ ಕಟ್ಟಿದ್ದರು. "ತಗಳೋ ಹಾಲೇಶಿ, ನಮ್ಮಜ್ಜಿ ಮಾಡಿದ್ದು. ಇದು ಬಿಟ್ಟು ಬೇರೆ ಕೊಡಲ್ಲ ಮುದುಕಿ," ಎಂದು ಎರಡು ಉಂಡೆ ಕೊಟ್ಟ. ಎಲ್ಲರೂ ಕೇಳಿ ಕೇಳಿ ತಿಂದರು. ನನಗೆ ಆವತ್ತು ತಿಳಿದ ವಿಷಯ ಯಾವ ಪಠ್ಯದಲ್ಲೂ ಇರಲಿಲ್ಲ: ಹಿಟ್ಟಿಗೆ ನಾಚಿಕೆ ಇಲ್ಲ, ನಾಚಿಕೆ ಇರುವುದು ಅದನ್ನು ಹೊತ್ತವನಿಗೆ, ಅದೂ ಮನೆ ಮುಂದೆ ಕಾರು ಇಲ್ಲದಿದ್ದರೆ ಮಾತ್ರ.

ಮನೆಗೆ ಬಂದೆ. ಅವ್ವ ಕೇಳಿದಳು, "ಉಪ್ಪು ಸರಿ ಇತ್ತೇನಪ್ಪಾ?"

"ಸರಿ ಇತ್ತವ್ವಾ. ಎಲ್ರೂ ಕಿತ್ತಾಡಿ ತಿಂದ್ರು. ತುಪ್ಪದ ವಾಸನೆ ಅಂತೂ ಘಮ ಘಮ."

"ತುಪ್ಪದ್ದಾ?"

"ಹ್ಞೂಂ."

ನಮ್ಮ ಮನೆಯಲ್ಲಿ ಆಗ ತುಪ್ಪ ಎಂಬುದು ಯುಗಾದಿಗೆ ಹೋಳಿಗೆಯ ಜೊತೆ ಬಂದು ಆವತ್ತೇ ಹೋಗುತ್ತಿದ್ದ ನೆಂಟ. ಬೇರೆಯವರ ಮನೆಯ ತುಪ್ಪವನ್ನು ನನ್ನ ಸುಳ್ಳಿಗೆ ಸುರಿದುಕೊಂಡಿದ್ದೆ.

"ಚೀಲ?" ಎಂದಳು.

"ಮಂಗ ಕಿತ್ಕಂಡು ಹೋಯ್ತವ್ವಾ."

ಅವ್ವ "ಹೌದಾ" ಎಂದು ಒಳಗೆ ಹೋದಳು. ಎಂಥ ನಿರಾಳ! ಓದಿದವನು ಹೇಳಿದ್ದನ್ನು ಓದದವರು ನಂಬುತ್ತಾರೆ ಎಂಬುದು ನನ್ನ ಮೊದಲ ಶೈಕ್ಷಣಿಕ ಸಿದ್ಧಾಂತ. ಅದನ್ನು ಇಪ್ಪತ್ತೆರಡು ವರ್ಷ ಯಾರೂ ಪ್ರಶ್ನಿಸಲಿಲ್ಲ.

ಈಗ ನಾವು ಹೊರಡುವ ದಿನ ಬೆಳಿಗ್ಗೆ ಅವ್ವ ತನ್ನ ಟ್ರಂಕು ತೆಗೆದು, ಅದರ ತಳದಿಂದ ಒಂದು ಚೀಲ ತಂದು, ಹಿಟ್ಟು ತುಂಬಿ, ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು. ಪಟ್ಟಾಪಟ್ಟಿ ಬಟ್ಟೆ. ಮೂಲೆಯಲ್ಲಿ ಹಸಿರು ದಾರ.

ನಾನು ಅದನ್ನು ತಿರುಗಿಸಿ ನೋಡಿದೆ. ಮತ್ತೊಮ್ಮೆ ತಿರುಗಿಸಿದೆ. "ಅವ್ವಾ, ಇದು..." ಎಂದೆ. ಮುಂದೆ ಏನು ಹೇಳಬೇಕೋ ಬಿ.ಎ., ಬಿ.ಎಡ್. ಎರಡರಲ್ಲೂ ಕಲಿಸಿರಲಿಲ್ಲ.

"ಆ ಕಡೆ ಮಂಗಗಳು ಭಾಳ ಒಳ್ಳೇವು ಕಣಪ್ಪಾ," ಎಂದಳು ಅವ್ವ. "ಬಸ್ಸಿಗೆ ಹಾಕಿ ವಾಪಸ್ ಕಳಿಸ್ತವೆ."

ಬಸ್ಸು! ಆ ಬಸ್ಸಿನ ಕಂಡಕ್ಟರ್ ರುದ್ರಣ್ಣ. ನಮ್ಮೂರಿನ ಜನ ಹೊನ್ನಾಳಿಯ ಆಸ್ಪತ್ರೆಯಲ್ಲಿದ್ದ ನೆಂಟರಿಗೆ ಊಟದ ಡಬ್ಬಿ ಕಳಿಸುತ್ತಿದ್ದದ್ದು ಅವನ ಕೈಲಿ, ರಿಪೇರಿಗೆ ರೇಡಿಯೋ ಕಳಿಸುತ್ತಿದ್ದದ್ದು ಅವನ ಕೈಲಿ, ಮಗಳ ಮನೆಗೆ ನುಗ್ಗೆಕಾಯಿ ಕಳಿಸುತ್ತಿದ್ದದ್ದೂ ಅವನ ಕೈಲಿ. ಯಾವ ಬಟ್ಟೆ ಯಾರ ಮನೆಯದು, ಯಾವ ಡಬ್ಬಿಯ ಮುಚ್ಚಳ ಸಡಿಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆ ಬಸ್ಸಿನಲ್ಲಿ ಏನನ್ನಾದರೂ ಉಳಿಸಿಕೊಳ್ಳುವುದು ಸುಲಭ, ಕಳೆಯುವುದು ಸಾಧ್ಯವೇ ಇರಲಿಲ್ಲ. ನಮ್ಮೂರಿನಲ್ಲಿ ಓದದವರಿಗೆಲ್ಲ ಗೊತ್ತಿದ್ದ ವಿಷಯ ಇದು. ಅಲ್ಲಿ ಹೋಗಿ ಬುತ್ತಿ ಕಳೆಯಲು ನೋಡುವಷ್ಟು ದಡ್ಡತನಕ್ಕೆ ಡಿಗ್ರಿಯೇ ಬೇಕಾಗಿತ್ತು.

"ಮಧ್ಯಾಹ್ನದ ಟ್ರಿಪ್ಪಿಗೇ ತಂದ ರುದ್ರಣ್ಣ," ಎಂದಳು ಅವ್ವ. "'ನಿನ್ನ ಮಗ ಮರೆತು ಹೋಗ್ಯಾನೆ ಕಣವ್ವಾ, ಪಾಪ, ಉಪವಾಸ ಬೀಳ್ತಾನೆ,' ಅಂದ. ಬುತ್ತಿ ಮನೆಗೆ ವಾಪಸ್ ಬರಬಾರದು ನೋಡು. ನೀನು ಗುಡ್ಡದ ಮೇಲೆ ಇದ್ದೆ. ಹೊಸಿಲು ದಾಟಿಸಲಿಲ್ಲ. ಬಾಗಿಲಿಂದ ಹಂಗೇ ಹೊಲಕ್ಕೆ ತಗಂಡು ಹೋದೆ. ಬದುವಿನ ಮೇಲೆ ಕೂತು ನಾನೇ ತಿಂದೆ."

"ಅಷ್ಟನ್ನೂ?"

"ನಾಲ್ಕು ಜನ ತಿನ್ನೋವಷ್ಟು ಕಟ್ಟಿದ್ದೆ, ನಿನ್ನ ಗೆಳೆಯರಿಗೂ ಆಗಲಿ ಅಂತ. ಸಂಜೆ ಆತು ಮುಗಿಸಾಕೆ."

ಹೊರಗೆ ಪ್ರವೀಣ ಬಸ್‌ ಸ್ಟ್ಯಾಂಡಿಗೆ ಹೋಗುವ ಆಟೋದಲ್ಲಿ ಕೂತು ಹಾರ್ನ್ ಹೊಡೆಸುತ್ತಿದ್ದ. ನಾನು ಚೀಲವನ್ನು ಬೆನ್ನಿನ ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟುಕೊಂಡೆ. ಗುಡ್ಡ ಹತ್ತುವುದು, ಟೆಂಟು ಹಾಕುವುದು, ಸೂರ್ಯೋದಯ ನೋಡುವುದು ಎಲ್ಲವೂ ಆ ಕ್ಷಣಕ್ಕೆ ಪ್ರವೀಣನ ಕೆಲಸವಾದವು. ನನ್ನ ಕೆಲಸ ಒಂದೇ. ಈ ಚೀಲ ಈ ಸಲ ಬರಿದಾಗಿ, ನನ್ನ ಕೈಯಲ್ಲೇ, ಮನೆಗೆ ಬರಬೇಕು.

ಗುಡ್ಡದ ವಿಷಯ ಹೆಚ್ಚು ಹೇಳುವುದಿಲ್ಲ. ಹತ್ತಿದೆವು. ಕರಿಬಸಣ್ಣ ಕೇಳಿದ ಪ್ರಶ್ನೆ ದಾರಿಯಲ್ಲಿ ಹಲವು ಸಲ ನೆನಪಾಯಿತು. ಈ ಥರದ ಬರಹಗಳಲ್ಲಿ ಮೇಲೆ ಹೋದ ಮೇಲೆ ಪೇಟೆಯ ಸ್ಟೌವು ಕೈಕೊಟ್ಟು, ಎಲ್ಲರೂ ಹಳ್ಳಿಯ ಬುತ್ತಿಗೆ ಶರಣಾಗಿ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಾನೂ ಸ್ವಲ್ಪ ಆಸೆ ಇಟ್ಟುಕೊಂಡಿದ್ದೆ. ಪ್ರವೀಣನ ಸ್ಟೌವು ಮೊದಲನೇ ಸಲಕ್ಕೇ ಹೊತ್ತಿಕೊಂಡಿತು. ನೂಡಲ್ಸ್ ಬಹಳ ಚೆನ್ನಾಗಿತ್ತು. ನಾನೇ ಎರಡು ಸಲ ಹಾಕಿಸಿಕೊಂಡೆ. ಅವಲಕ್ಕಿ, ರೊಟ್ಟಿ, ಶೇಂಗಾ ಬೆಲ್ಲ ಕೂಡ ಖರ್ಚಾದವು.

ಕೊನೆಗೆ ಚೀಲ ಬಿಚ್ಚಿದೆ. "ಇದು ನಮ್ಮವ್ವ ಮಾಡಿದ್ದು," ಎಂದೆ. ಇಷ್ಟು ಹೇಳಲು ಇಪ್ಪತ್ತೆರಡು ವರ್ಷ ಹಿಡಿದಿತ್ತು. ಅವರಿಗೆ ಅದು ಹೇಗೆ ಗೊತ್ತಾಗಬೇಕು! ಯಾರೂ ಚೀಲದ ಪಟ್ಟೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪ್ರವೀಣ ಒಂದು ದೊಡ್ಡ ಚಮಚ ಒಣಹಿಟ್ಟನ್ನೇ ಬಾಯಿಗೆ ಸುರಿದುಕೊಂಡ. ನಾನು ಕೈ ಅಡ್ಡ ಹಿಡಿದು ಎಚ್ಚರಿಸುವಷ್ಟರಲ್ಲಿ, "ಸೂಪರ್ ಸಾರ್!" ಎಂದ. ಎದುರಿಗೆ ಕೂತಿದ್ದ ಡ್ರಾಯಿಂಗ್ ಮೇಷ್ಟ್ರು ಹುಬ್ಬಿನಿಂದ ಗಡ್ಡದವರೆಗೆ ಬೆಳ್ಳಗಾದರು. ಆಮೇಲೆ ಎಲ್ಲರೂ ಒಂದೊಂದು ಚಿಟಿಕೆ ಗೌರವಕ್ಕೆ ತಿಂದು, ಚೆನ್ನಾಗಿದೆ ಎಂದು ಬಾಯಿ ಮುಚ್ಚಿಕೊಂಡೇ ತಲೆಯಾಡಿಸಿದರು. ನನ್ನ ಹೊಟ್ಟೆಯಲ್ಲಿ ನೂಡಲ್ಸ್ ಬಿಟ್ಟು ಬೇರೆಯದಕ್ಕೆ ಜಾಗವಿರಲಿಲ್ಲ. ಬೆಳಿಗ್ಗೆ ತಿಂದರಾಯಿತು ಎಂದೆ. ಬೆಳಿಗ್ಗೆ ಇಳಿಯುವ ಗಡಿಬಿಡಿಯಲ್ಲಿ ಮರೆತೆ.

ವಾಪಸ್ ಬರುವಾಗ ಸರ್ಕಾರಿ ಬಸ್ಸು ಹಿಡಿದೆವು. ನ್ಯಾಮತಿ ಬಂದಾಗ ಅದು ತಾಲೂಕು ಕೇಂದ್ರವಾದ ಮೇಲೆ ಎದ್ದಿರುವ ಹೊಸ ಬೋರ್ಡುಗಳನ್ನು ನೋಡುತ್ತ ಕೂತಿದ್ದೆ. ಜೇಬಿನಿಂದ ಫೋನು ತೆಗೆಯಲು ಬಗ್ಗಿದಾಗ ಬ್ಯಾಗಿನ ಮೇಲ್ಭಾಗ ಕೈಗೆ ತಗುಲಿತು. ದಪ್ಪಗಿತ್ತು. ಬಿಚ್ಚಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಹಿಟ್ಟು ಹಾಗೇ ಇದೆ. ಮುಂದೆ ಗೋವಿನಕೋವಿ, ಅದರ ಮುಂದೆ ಹೊನ್ನಾಳಿ. ಅದೇ ರಸ್ತೆ, ಅದೇ ಚೀಲ, ಮತ್ತೆ ನನ್ನ ತೊಡೆಯ ಮೇಲೆ.

ಸೀಟಿನ ಕೆಳಗೆ ಜಾಗ ಇತ್ತು. ನಾನು ಬರಿ ನೋಡಿದೆ ಅಷ್ಟೆ. ತಲೆ ಎತ್ತಿದರೆ ಕಂಡಕ್ಟರ್ ನನ್ನನ್ನೇ ನೋಡುತ್ತಿದ್ದಾನೆ. ಇವನು ರುದ್ರಣ್ಣನಲ್ಲ, ಇವನಿಗೆ ನಮ್ಮ ಮನೆ ಯಾವುದೆಂದೂ ಗೊತ್ತಿಲ್ಲ. ಆದರೂ ಧೈರ್ಯ ಬರಲಿಲ್ಲ.

ತಿನ್ನಲು ಶುರುಮಾಡಿದೆ. ಹಿಡಿ ಹಿಟ್ಟು, ಗುಟುಕು ನೀರು. ಅಂಗುಳಕ್ಕೆ ಮೆತ್ತಿಕೊಳ್ಳುತ್ತಿತ್ತು, ಮೀಸೆಗೆ ಹಾರುತ್ತಿತ್ತು. ಮೂರನೇ ಹಿಡಿಗೆ ಒಂದು ವಿಷಯ ಗೊತ್ತಾಯಿತು. ಹಿಟ್ಟಿಗೆ ಉಪ್ಪೇ ಬಿದ್ದಿಲ್ಲ. ಅಲ್ಲಿಯವರೆಗೆ ಅದು ನನ್ನ ನಾಲಗೆಗೆ ಗೊತ್ತಾಗಿರಲಿಲ್ಲ, ಏಕೆಂದರೆ ನಾನು ತಿಂದೇ ಇರಲಿಲ್ಲ. ಗುಡ್ಡದ ಮೇಲೆ ತಿಂದ ನಾಲ್ಕೂ ಜನ ಮರ್ಯಾದಸ್ಥರು, ಹೇಳಿರಲಿಲ್ಲ. ಗೋವಿನಕೋವಿಯ ನಿಲ್ದಾಣ ಬಂದು ಹೋಯಿತು. ನಮ್ಮ ಹಳೆಯ ಹೊಲದ ಬದು ಕಿಟಕಿಯಲ್ಲಿ ಹಾದುಹೋಯಿತು. ನಾಲ್ಕು ಜನರ ಬುತ್ತಿಯನ್ನು ಒಬ್ಬಳೇ ಕೂತು ಸಂಜೆಯವರೆಗೆ ತಿನ್ನುವುದು ಎಂದರೆ ಏನು ಎಂದು ಬಾಯಿಯಲ್ಲಿ ಹಿಟ್ಟು ತುಂಬಿಕೊಂಡೇ ಯೋಚಿಸಿದೆ. ಬಾಯಿ ತೆರೆಯುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು.

ಪಕ್ಕದಲ್ಲಿ ನಿದ್ದೆ ಹೋಗಿದ್ದ ಪ್ರವೀಣ ಎದ್ದು ನೋಡಿದ. "ಏನ್ ಸಾರ್, ಅಷ್ಟೊಂದು ಹಸಿವಾ? ಮುಂದೆ ಹೋಟ್ಲಲ್ಲಿ ನಿಲ್ಸ್ತಾರೆ," ಎಂದ. ನಾನು ಕೈಯಲ್ಲೇ ಬೇಡ ಎಂದೆ. ಹೊನ್ನಾಳಿಯ ಸೇತುವೆ ದಾಟುವಷ್ಟರಲ್ಲಿ ಚೀಲದ ಮೂಲೆಯನ್ನು ಬೆರಳಿನಿಂದ ಕೆದಕಿ ಕೊನೆಯ ಚಿಟಿಕೆಯನ್ನೂ ಮುಗಿಸಿದ್ದೆ.

ಸಂಜೆ ಮನೆ ಸೇರಿದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ಗುಡ್ಡ ಹೇಗಿತ್ತು ಎಂದು ಕೇಳಲಿಲ್ಲ. ಚೀಲ ಕೊಟ್ಟೆ. ಅದನ್ನು ಒಳಹೊರಗು ಮಾಡಿ ಎರಡು ಸಲ ಕೊಡವಿದಳು. ಏನೂ ಉದುರಲಿಲ್ಲ.

"ಉಪ್ಪು ಸರಿ ಇತ್ತೇನಪ್ಪಾ?" ಎಂದಳು.

"ಉಪ್ಪೇ ಹಾಕಿರಲಿಲ್ಲವಲ್ಲವ್ವಾ!" ಎಂದೆ.

ಅವ್ವ ಮೊಣಕಾಲಿಗೆ ಕೈ ಊರಿ ಮೆಲ್ಲಗೆ ಎದ್ದಳು. "ಹಂಗಾರೆ ಈ ಸಲ ತಿಂದೀಯ ಬಿಡು," ಎಂದು ಚೀಲವನ್ನು ಒಗೆಯಲು ಹಿತ್ತಲಿಗೆ ಹೋದಳು.